ಜಿಂಕಿನ ಪುಡಿ, ಎಮ್ಮೆಯ ಹಾಲು

ಖಾಲಿ ಹಿತ್ತಾಳೆ ತಂಬಿಗೆಗೆ ಎಮ್ಮೆಯ ಮೊದಲ ಹಾಲು ಬಿದ್ದರೆ ಟಿಣ್ ಟಿಣ್ ಎಂದು ಚೂಪಾದ ಸದ್ದು ಬರುತ್ತದೆ. ತಳ ಮುಚ್ಚಿದ ಮೇಲೆ ಅದು ಸೊರ್ ಸೊರ್ ಎಂದಾಗುತ್ತದೆ. ತಂಬಿಗೆ ಮುಕ್ಕಾಲು ತುಂಬಿತೆಂದರೆ ನೊರೆಯೊಳಗೆ ಹೂತುಹೋಗಿ, ಸದ್ದು ಇದೆಯೋ ಇಲ್ಲವೋ ಎನ್ನುವಂತಿರುತ್ತದೆ. ಮದ್ದೂರಿನಲ್ಲಿ ಅಣ್ಣನ ಮನೆಯ ನಡುಮನೆಯಲ್ಲಿ ಚಾಪೆಯ ಮೇಲೆ ಮಲಗಿ ದಿನಾ ಬೆಳಿಗ್ಗೆ ಈ ಮೂರು ಸದ್ದುಗಳಿಗೂ ಕಿವಿಗೊಡುತ್ತಿದ್ದೆ. ಕಾನ್ವೆಂಟಿನಲ್ಲಿ ಮ್ಯೂಸಿಕ್ ಕಲಿಸುತ್ತಿದ್ದ ಸಿಸ್ಟರ್ ನನ್ನದು ಮರದ ಕಿವಿ ಎನ್ನುತ್ತಿದ್ದರು. ಆಗ ಅವರು ನನ್ನನ್ನು ನೋಡಬೇಕಿತ್ತು. ಮೂರನೆಯ ಸದ್ದು ಶುರುವಾದ ಗಳಿಗೆಗೆ ಎದ್ದು ಕೂರುತ್ತಿದ್ದೆ, ಕಳ್ಳಿಯ ಹಾಗೆ. ಹಾಗೆ ಏನು ಬಂತು, ಕಳ್ಳಿಯೇ.

ಹಾಲು ಕರೆಯುತ್ತಿದ್ದವಳು ನನ್ನ ಅತ್ತಿಗೆ. ಅವಳನ್ನು ಕಂಡರೆ ನನಗಾಗುತ್ತಿರಲಿಲ್ಲ. ಎಪ್ಪತ್ತರ ಹತ್ತಿರ ಬಂದಮೇಲೆ ಇದನ್ನು ಬೆಲ್ಲ ಸವರಿ ಹೇಳುವುದರಲ್ಲಿ ಅರ್ಥವಿಲ್ಲ. ಅವಳಿಗೂ ನನ್ನನ್ನು ಕಂಡರೆ ಆಗುತ್ತಿರಲಿಲ್ಲ. ಅಪ್ಪ ನನ್ನನ್ನು ಎಂಟು ವರ್ಷಕ್ಕೇ ಮೈಸೂರಿನ ಬೋರ್ಡಿಂಗಿಗೆ ಹಾಕಿದ್ದರು. ಬಿ.ಎ. ಮುಗಿಸಿ ಟ್ರಂಕು ಹೊತ್ತು ಮದ್ದೂರಿಗೆ ಬರುವ ಹೊತ್ತಿಗೆ ಅಪ್ಪ ಅಮ್ಮ ಇಬ್ಬರೂ ಇರಲಿಲ್ಲ. ಅಣ್ಣ ತಾಲ್ಲೂಕು ಕಚೇರಿಯಲ್ಲಿ ಕೆಲಸಕ್ಕಿದ್ದ. ಅವನ ಹೆಂಡತಿ ಕಿರುಗಾವಲು ಕಡೆಯವಳು, ಗದ್ದೆಯಲ್ಲಿ ಬೆಳೆದವಳು, ಕನ್ನಡವನ್ನು ಕೂಡಿಸಿ ಕೂಡಿಸಿ ಓದುವವಳು. ತವರಿನಿಂದ ಎಮ್ಮೆಗರುವೊಂದನ್ನು ಹೊಡೆದುಕೊಂಡು ಬಂದು, ಅದನ್ನು ಸಾಕಿ, ಈಗ ಬೀದಿಯ ಆರೇಳು ಮನೆಗೆ ತಿಂಗಳ ಲೆಕ್ಕದಲ್ಲಿ ವರ್ತನೆ ಹಾಲು ಕೊಡುತ್ತಿದ್ದಳು.

ನಾನು ತಡವಾಗಿ ಎದ್ದರೆ, "ದೊರೆಸಾನಮ್ಮೋರು ಎದ್ರಾ? ಕಾಪಿ ಇಲ್ಲಿಗೇ ತರ್ಲಾ, ಇಲ್ಲ ಒಲೆತಾವ್ಕೆ ಬಿಜಯಂಗೈತೀರಾ?" ಎನ್ನುತ್ತಿದ್ದಳು.

"ಡೋಂಟ್ ಬಿ ವಲ್ಗರ್" ಎನ್ನುತ್ತಿದ್ದೆ ನಾನು.

"ಬೈದಿದ್ದು ಗೊತ್ತಾಯ್ತದೆ ಕಣವ್ವ, ಯಾವ ಬಾಸೇಲಿ ಬೈದ್ರೂ."

ನಾನು ಅವಳನ್ನು 'ನೀವು' ಎಂದೇ ಕರೆಯುತ್ತಿದ್ದೆ. ಬೀದಿಯವರು ಅದನ್ನು ಮರ್ಯಾದೆ ಎಂದುಕೊಂಡಿದ್ದರು. ಅವಳೊಬ್ಬಳಿಗೆ ಗೊತ್ತಿತ್ತು, ಅದು ಒಂದು ಮಾರು ದೂರ ನಿಲ್ಲಿಸುವ ವಿದ್ಯೆ ಎಂದು.

ನನ್ನ ಮುಖದ ವಿಷಯ ಹೇಳಬೇಕು. ಹದಿನಾರಕ್ಕೆ ಶುರುವಾದ ಮೊಡವೆ ಇಪ್ಪತ್ತೆರಡಾದರೂ ಬಿಟ್ಟಿರಲಿಲ್ಲ. ಎರಡು ಕೆನ್ನೆ, ಗದ್ದ, ಹಣೆ, ಎಲ್ಲ ಕಡೆ ಕೆಂಪು ಗುಳ್ಳೆ. ಒಂದು ಒಣಗುವಷ್ಟರಲ್ಲಿ ಪಕ್ಕದಲ್ಲಿ ಎರಡು. ಹಾಸ್ಟೆಲಿನಲ್ಲಿ ಕಡಲೆಕಾಯಿ ತಿನ್ನಬೇಡ ಎಂದರು, ಬಿಟ್ಟೆ. ಅತ್ತಿಗೆ ಹಸಿ ಅರಿಶಿನ, ಬೇವಿನಸೊಪ್ಪು ಅರೆದು ಮೆತ್ತು ಎಂದಳು, ಮೆತ್ತಿದೆ. ಹಳದಿ ಮುಖದ ಮೇಲೆ ಕೆಂಪು ಗುಳ್ಳೆಯಾಯಿತು, ಅಷ್ಟೆ. ಕನ್ನಡಿಯನ್ನು ಗೋಡೆ ಕಡೆ ತಿರುಗಿಸಿ ತಲೆ ಬಾಚಿಕೊಳ್ಳುವುದನ್ನು ಕಲಿತೆ.

ಎಪ್ಪತ್ತೆಂಟರ ದೀಪಾವಳಿ ಕಳೆದ ವಾರ ಮಳವಳ್ಳಿಯಿಂದ ಹೆಣ್ಣು ನೋಡಲು ಬಂದರು. ಹುಡುಗ ಅಲ್ಲಿನ ಕಾಲೇಜಿನಲ್ಲಿ ಇಂಗ್ಲಿಷ್ ಲೆಕ್ಚರರ್. ಅದಕ್ಕೆ ಮುಂಚೆ ಬಂದಿದ್ದವರೆಲ್ಲ ನನಗೆ ಬಾಯಿಗೆ ಬಾರದ ಗೊಬ್ಬರದ ಹೆಸರು, ಪಂಪ್‌ಸೆಟ್ಟಿನ ಹೆಸರು ಮಾತಾಡಿ ಹೋದವರು. ಈತ ಗೂಡಿನಲ್ಲಿದ್ದ ನನ್ನ ಪುಸ್ತಕಗಳನ್ನು ನೋಡಿದ. "ಮೇ ಐ?" ಎಂದು ಕೇಳಿ ಒಂದು ನಾವೆಲ್ ತೆಗೆದುಕೊಂಡು, ಮಧ್ಯದ ಪುಟ ಬಿಚ್ಚಿ, ನಾನು ಪೆನ್ಸಿಲಿನಲ್ಲಿ ಗೆರೆ ಎಳೆದ ಸಾಲನ್ನೇ ಓದಿ ನಕ್ಕ. "ಓದಿ ಕೊಡ್ತೀನಿ" ಎಂದ. ಐ ವಾಸ್ ಲಾಸ್ಟ್, ಅಷ್ಟೇ. ಆ ವಯಸ್ಸಿನಲ್ಲಿ ಅಷ್ಟು ಸಾಕಿತ್ತು.

ಅವನ ತಾಯಿ ದಪ್ಪ ಜರಿಯ ಸೀರೆಯುಟ್ಟ ಗಟ್ಟಿ ಹೆಂಗಸು. ನನ್ನ ಗದ್ದಕ್ಕೆ ಬೆರಳು ಕೊಟ್ಟು ಮುಖವನ್ನು ಕಿಟಕಿಯ ಬೆಳಕಿಗೆ ತಿರುಗಿಸಿದರು, ಸಂತೆಯಲ್ಲಿ ಬದನೆಕಾಯಿ ತಿರುಗಿಸುವ ಹಾಗೆ.

"ಓದೈತೆ, ಬಣ್ಣ ಐತೆ. ಇದೇನವ್ವ ಇದು, ಮೊಕದ ತುಂಬ ಸಿಡುಬು ಆಡ್ದಂಗೆ? ರಕ್ತದಲ್ಲೇನಾರ ಕೆಟ್ಟದ್ದೈತಾ?"

ಅಣ್ಣ ತೊದಲಿದ. ಅತ್ತಿಗೆಯೇ ಬಾಗಿಲ ಸಂದಿಯಿಂದ ಉತ್ತರ ಕೊಟ್ಟಳು: "ವಯಸ್ನದು ಕಣಮ್ಮ. ಮದ್ದು ಮಾಡುಸ್ತೀವಿ, ಓಯ್ತದೆ."

"ಮಾಡ್ಸಿ. ಸಂಕ್ರಾಂತಿ ಕಳೀಲಿ. ಇನ್ನೊಂದ್ಸಲ ಬಂದು ನೋಡ್ತೀವಿ. ತಿಳಿಯಾಗಿದ್ರೆ ಆಮೇಲೆ ಮಾತು."

ಎರಡೂವರೆ ತಿಂಗಳು. ನನ್ನ ಮುಖಕ್ಕೆ ವಾಯಿದೆ ಹಾಕಿ ಹೋದರು.

ಮಂಡ್ಯಕ್ಕೆ ಹೊಸದಾಗಿ ಚರ್ಮದ ಡಾಕ್ಟರೊಬ್ಬರು ಬಂದಿದ್ದರು. ಅಣ್ಣನಿಗೆ ರಜೆ ಸಿಗಲಿಲ್ಲ, ಅತ್ತಿಗೆಯ ಜೊತೆ ಶಟ್ಲ್ ರೈಲಿನಲ್ಲಿ ಹೋದೆ. ಡಾಕ್ಟರು ವಯಸ್ಸಿನಲ್ಲಿ ಚಿಕ್ಕವರು, ನನ್ನ ಹತ್ತಿರ ಇಂಗ್ಲಿಷಿನಲ್ಲೇ ಮಾತಾಡಿದರು. ಕ್ಯಾಪ್ಸೂಲ್ ಕೊಡ್ತೀನಿ, ಜೊತೆಗೆ ಜಿಂಕ್ ಸಾಲ್ಟ್ ಕೂಡ ಕೊಡ್ತೀನಿ, ಮೊಡವೆಗೆ ಅದು ಒಳ್ಳೆಯದು ಅಂತ ಈಚೆಗೆ ಓದಿದ್ದೇನೆ, ಪೇಶೆನ್ಸ್ ಇರಲಿ ಎಂದರು. ಹೇಗೆ ತೆಗೆದುಕೊಳ್ಳಬೇಕೆಂದು ಕಾಂಪೌಂಡರು ಹೇಳ್ತಾರೆ ಎಂದು ಚೀಟಿ ಹರಿದು ಕೊಟ್ಟರು.

ಕಾಂಪೌಂಡರ ಕಿಟಕಿಯ ಮುಂದೆ ಹೆಂಗಸರು ಗಂಡಸರು ನೂಕಾಡುತ್ತಿದ್ದರು. ಎದುರು ಫುಟ್‌ಪಾತಿನಲ್ಲಿ ನನ್ನ ಕಾಲೇಜಿನ ಹುಡುಗಿಯೊಬ್ಬಳು ಗಂಡನ ಜೊತೆ ನಿಂತಿದ್ದಳು. ಮೊಣಕೈವರೆಗೆ ಸಗಣಿಯ ಗೆರೆ ಉಳಿದ ಅತ್ತಿಗೆಯ ಪಕ್ಕ ನಿಂತು ಅವಳ ಕಣ್ಣಿಗೆ ಬೀಳುವುದು ನನಗೆ ಬೇಕಿರಲಿಲ್ಲ. ಚೀಟಿಯನ್ನು ಅತ್ತಿಗೆಯ ಕೈಗೆ ತುರುಕಿ, ನಾನು ಬೀದಿಯ ಆಚೆ ಪುಸ್ತಕದ ಅಂಗಡಿಯ ಮರೆಗೆ ಹೋಗಿ ನಿಂತೆ. ಕಾಂಪೌಂಡರು ಹೇಳಿದ ಒಂದು ಮಾತೂ ನನ್ನ ಕಿವಿಗೆ ಬೀಳಲಿಲ್ಲ.

ವಾಪಸು ರೈಲಿನಲ್ಲಿ ಅವಳು ಸೆರಗಿನ ತುದಿ ಬಿಚ್ಚಿ ತೊಡೆಯ ಮೇಲೆ ಹರಡಿದಳು. ಅದರಲ್ಲಿ ಎರಡು ಗಂಟು. ಏನನ್ನಾದರೂ ನೆನಪಿಡಬೇಕಾದರೆ ಅವಳು ಹಾಗೆ ಗಂಟು ಹಾಕಿಕೊಳ್ಳುತ್ತಿದ್ದಳು. ಯಾರ ಮನೆಗೆ ಎಷ್ಟು ಹಾಲು, ಯಾರು ಯಾವತ್ತು ಊರಲ್ಲಿಲ್ಲ, ಎಲ್ಲ ಗಂಟಿನಲ್ಲಿ. ಒಂದು ದಿನವೂ ತಪ್ಪಿದ್ದನ್ನು ನಾನು ಕಂಡಿಲ್ಲ.

"ನೋಡವ್ವ, ಈ ಗಂಟು ಗುಳ್ಗೆ. ಬೆಳಗ್ಗೆ ಒಂದು, ಸಂಜಿಕೆ ಒಂದು. ಬರೀ ಒಟ್ಟೇಲಿ, ಬರೀ ನೀರಲ್ಲಿ. ಈ ಗಂಟು ಪುಡಿ, ಮದ್ಯಾನ ಉಂಡಾದ್ಮೇಲೆ. ನಡ್ವೆ ಇಷ್ಟುದ್ದ ಸೆರಗು ಬುಟ್ಟಿವ್ನಿ ನೋಡು, ಅಷ್ಟೊತ್ತು ಬುಡ್ಬೇಕು. ಎರಡ್ನೂ ಒಟ್ಗೆ ನುಂಗ್ಬ್ಯಾಡ. ಆಲ್ನಂತೂ ಗುಳ್ಗೆ ಅತ್ರಕ್ಕೇ ತರ್ಬಾರ್ದಂತೆ."

"ಹಾಲು ಬೇಡ ಅಂತ ಕಾಂಪೌಂಡರು ಹೇಳಿದರೋ, ನಿಮ್ಮ ವರ್ತನೆ ಮನೆಯವರು ಹೇಳಿದರೋ?"

ಅವಳ ಮುಖ ಬಿಗಿಯಾಯಿತು. "ಮೂರ್ಸಲ ಕೇಳ್ಕೊಂಡು ಬಂದಿವ್ನಿ ಕಣವ್ವ. ನಿನ್ನಂಗೆ ಮೂಗು ಮುಚ್ಕೊಂಡು ಬೀದಿ ಆಚೆ ನಿಂತಿರ್ನಿಲ್ಲ."

ನಾನು ಪೊಟ್ಟಣದ ಮೇಲಿನ ಚೀಟಿಯನ್ನು ಓದಿದೆ. ಜೋರಾಗಿಯೇ ಓದಿಬಿಟ್ಟೆ: "ಜಿಂಕ್ ಸಲ್ಫೇಟ್."

"ಜಿಂಕಾ?" ಅವಳು ಬಾಯಿಯ ಮೇಲೆ ಕೈಯಿಟ್ಟುಕೊಂಡಳು. "ಇದು ಗದ್ದೆಗಾಕೋದಲ್ವಾ! ನಾಟಿ ಆದ್ಮೇಲೆ ಪೈರು ಕೆಂಪಗಾದ್ರೆ ನಮ್ಮಪ್ಪ ಇದ್ನೇ ಎರಚ್ತಿದ್ದಿದ್ದು!"

ಎದುರು ಸೀಟಿನಲ್ಲಿ ಕೂತಿದ್ದ ಹೊಳಲಿನ ಯಜಮಾನರೊಬ್ಬರು ನಕ್ಕು ಮಾತಿಗೆ ಸೇರಿಕೊಂಡರು. "ಊ ಕಣವ್ವ, ಗ್ರಾಮಸೇವಕರು ಕೊಡ್ತಾರಲ್ಲ ಅದೇಯ. ಆದ್ರೆ ಸೂಪರ್ ಗೊಬ್ರದ ಜೊತೆ ಮಾತ್ರ ಕಲುಸ್ಬಾರ್ದು ನೋಡಿ. ಕಲುಸುದ್ರೆ ಅದೂ ದಂಡ, ಇದೂ ದಂಡ."

"ಅದ್ನೇ ಯೋಳ್ತಾ ಇವ್ನಿ ಯಜಮಾನ್ರೆ! ಬ್ಯಾರೆ ಬ್ಯಾರೆ ದಿವ್ಸ ಆಕ್ಬೇಕು. ಇದೂ ಅಂಗೇಯ. ಕೇಳಕಿಲ್ಲ ಇವ್ಳು, ಬಿಯೇ ಮಾಡವ್ಳೆ."

ಬೋಗಿಯಲ್ಲಿದ್ದವರೆಲ್ಲ ನನ್ನ ಮುಖದ ಕಡೆ ತಿರುಗಿದರು, ಯಾವ ಗದ್ದೆಗೆ ಈ ಗೊಬ್ಬರ ಎಂದು ನೋಡುವುದಕ್ಕೆ. "ಐ ಆ್ಯಮ್ ನಾಟ್ ಎ ಪ್ಯಾಡಿ ಫೀಲ್ಡ್!" ಎಂದು ಕೂಗಿದೆ. ಯಾರಿಗೂ ಅರ್ಥವಾಗಲಿಲ್ಲ. ಅದರಿಂದ ಇನ್ನೂ ಹೆಚ್ಚು ನಕ್ಕರು.

ಅವಳು ಬೇಡವೆಂದದ್ದಕ್ಕೇ ನಾನು ಮಾಡಿದೆ. ಬೇರೆ ಕಾರಣವೇನೂ ಇರಲಿಲ್ಲ. ಮಾರನೆಯ ಬೆಳಿಗ್ಗೆ ಕ್ಯಾಪ್ಸೂಲನ್ನೂ ಪುಡಿಯನ್ನೂ ಒಟ್ಟಿಗೆ ನೀರಿನಲ್ಲಿ ನುಂಗಿದೆ. ಹತ್ತು ನಿಮಿಷಕ್ಕೆ ಹಿತ್ತಿಲಿನ ಹುಲ್ಲಿನ ಮೆದೆಗೆ ಕೈ ಊರಿಕೊಂಡು ವಾಂತಿ ಮಾಡಿದೆ. ಮೂರು ದಿನ ಹೀಗೇ ಆಯಿತು. ನಾಲ್ಕನೆಯ ದಿನ ತಲೆಯೆತ್ತಿದರೆ ಅತ್ತಿಗೆ ಸಗಣಿ ಬುಟ್ಟಿ ಸೊಂಟಕ್ಕೆ ಕೊಟ್ಟು ನಿಂತಿದ್ದಳು.

"ಬೆಳಗ್ಗೆದ್ದು ಇತ್ಲಲ್ಲಿ ಇಂಗೆ ವಾಂತಿ ಮಾಡ್ತಾ ನಿಂತ್ರೆ, ಗೋಡೆ ಆಚೆಯೋರು ಏನ್ ಲೆಕ್ಕ ಆಕ್ತಾರೆ ಅಂತ ಗೊತ್ತಾ ನಿಂಗೆ? ಮದ್ವೆ ಆಗ್ದಿರೋ ಎಣ್ಣು!"

ನನಗೆ ಮೈಯೆಲ್ಲ ಉರಿಯಿತು. "ಯೂ ಡರ್ಟಿ ವುಮನ್. ನಿಮ್ಮ ತಲೆಯೊಳಗೆ ಸಗಣಿ ಬಿಟ್ಟು ಬೇರೆ ಏನಿದೆ?"

"ಸಗಣಿ ಐತೆ ಕಣವ್ವ. ಒಲೆ ಉರಿಯಾದು ಅದ್ರಲ್ಲೇಯ." ಬುಟ್ಟಿ ಎತ್ತಿಕೊಂಡು ಹೊರಟುಹೋದಳು.

ಹಾಸ್ಟೆಲಿನ ಸಿಕ್‌ರೂಮಿನ ಸಿಸ್ಟರು ನೆನಪಾದದ್ದು ಆಗ. ಬಿಳಿ ಬಟ್ಟೆ, ಬಿಳಿ ಪಿಂಗಾಣಿ ಕಪ್ಪು, ಬಿಸಿ ಹಾಲು. ಯಾವ ಮಾತ್ರೆಯಾದರೂ ಒಂದು ಕಪ್ಪು ಹಾಲಿನ ಜೊತೆ, ಹೊಟ್ಟೆ ತೊಳಸದಿರಲಿ ಎಂದು. ಸಿಸ್ಟರಿಗಿಂತ ಹೆಚ್ಚು ತಿಳಿದವಳೇ ಈ ಎಮ್ಮೆ ಕಾಯುವವಳು? ಅಡುಗೆಮನೆಗೆ ಹೋಗಿ ಒಂದು ಲೋಟ ಹಾಲು ಕೊಡಿ ಎಂದೆ.

"ಯಾವುದ್ಕೆ?"

"ಔಷಧಿಗೆ."

"ಕೂಡ್ದು ಅಂತ ಅವತ್ತೇ ಯೋಳ್ನಿಲ್ವಾ? ನಿಂಗೆ ಆಲು ಬೇಕು ಅಂದ್ರೆ ಮಲಗೋವಾಗ ಕೊಡ್ತೀನಿ, ಕುಡಿ. ಗುಳ್ಗೆ ಜೊತೆ ಕೊಡಕಿಲ್ಲ."

ಮಲಗುವಾಗ ಕೊಡುತ್ತೇನೆ ಎಂದದ್ದು ನನಗೆ ಕೇಳಿಸಲೇ ಇಲ್ಲ. ಕೊಡಕಿಲ್ಲ ಎಂದದ್ದೊಂದೇ ಕೇಳಿಸಿತು. ಬೀದಿಗೆಲ್ಲ ಹಾಲು, ಸ್ವಂತ ನಾದಿನಿಗೆ ಇಲ್ಲ. ನನ್ನ ಮುಖ ಕೆಟ್ಟೇ ಇರಲಿ, ಮಳವಳ್ಳಿಯವರು ಬಿಟ್ಟುಹೋಗಲಿ, ನಾನು ಇವಳ ಕೊಟ್ಟಿಗೆ ಬಳಿದುಕೊಂಡು ಬಿದ್ದಿರಲಿ ಎಂದೇ ಇವಳ ಆಸೆ. ನಾನು ಹಾಗೇ ನಂಬಿದೆ. ನಂಬುವುದು ಎಷ್ಟು ಸುಖವಾಗಿತ್ತು ಎಂಬುದೂ ನೆನಪಿದೆ.

ಆಮೇಲೆ ಶುರುವಾಯಿತು ಆ ಮೂರು ಸದ್ದುಗಳ ಪಾಠ. ತಂಬಿಗೆ ತುಂಬಿದ ಮೇಲೆ ಅವಳು ಅದನ್ನು ತಂದು ಅಡುಗೆಮನೆಯ ಕಟ್ಟೆಯ ಮೇಲಿಟ್ಟು, ಕರು ಬಿಡುವುದಕ್ಕೆ, ಸಗಣಿ ಬಾಚುವುದಕ್ಕೆ ಮತ್ತೆ ಕೊಟ್ಟಿಗೆಗೆ ಹೋಗುತ್ತಿದ್ದಳು. ಅಷ್ಟು ಹೊತ್ತು ನನ್ನದು. ಒಂದು ದೊಡ್ಡ ಲೋಟ ಹಸಿಹಾಲು ಬಗ್ಗಿಸಿಕೊಂಡು, ಕ್ಯಾಪ್ಸೂಲು ಪುಡಿ ಎರಡನ್ನೂ ಅದರಲ್ಲಿ ನುಂಗಿ, ತಂಬಿಗೆಗೆ ಅದೇ ಲೋಟದಲ್ಲಿ ನೀರು ಸುರಿಯುತ್ತಿದ್ದೆ. ನೊರೆ ಮತ್ತೆ ಮೇಲೆ ಕೂಡಿಕೊಳ್ಳುತ್ತಿತ್ತು. ಸಂಜೆ ಇನ್ನೊಂದು ಲೋಟ, ಇನ್ನೊಂದು ಕ್ಯಾಪ್ಸೂಲು. ವಾಂತಿ ನಿಂತಿತು. ನೋಡಿದೆಯಾ, ಸಿಸ್ಟರ್ ಹೇಳಿದ್ದೇ ಕರೆಕ್ಟ್ ಎಂದು ಬೀಗಿದೆ. ವಾಂತಿ ನಿಂತರೆ ಮೊಡವೆಯೂ ಹೋಗುತ್ತದೆ ಎಂದು ಬಿ.ಎ. ಓದಿದ ನಾನು ತೀರ್ಮಾನಿಸಿದೆ.

ಮೊಡವೆ ಹೋಗಲಿಲ್ಲ. ಡಿಸೆಂಬರ್ ಬಂತು. ಕನ್ನಡಿಯನ್ನು ಗೋಡೆಯಿಂದ ಈ ಕಡೆಗೆ ತಿರುಗಿಸಿ ದಿನಾ ನೋಡುತ್ತಿದ್ದೆ. ಗದ್ದದಲ್ಲಿ ಹೊಸವು ಎದ್ದಿದ್ದವು.

ಆ ತಿಂಗಳಲ್ಲೇ ಒಂದು ಬೆಳಿಗ್ಗೆ ಅಂಚೆ ಮಾಸ್ತರರ ಹೆಂಡತಿ ಮೊಸರಿನ ಗಿಣ್ಣಲು ಹಿಡಿದು ಬಾಗಿಲಿಗೆ ಬಂದರು. ಅತ್ತಿಗೆಯ ಮುಂದೆ ಅದನ್ನು ಓರೆ ಮಾಡಿದರು. ಮೊಸರು ಗಂಜಿಯ ಹಾಗೆ ಹರಿಯಿತು.

"ಇದೇನಮ್ಮಾ, ಮೊಸರೋ ಮಜ್ಜಿಗೆಯೋ? ಹದಿನೈದು ದಿನದಿಂದ ಕೆನೆಯೇ ಕಟ್ಟಲ್ಲ. ಎಮ್ಮೆ ಬಾವಿಗೇನಾದರೂ ಬಿದ್ದಿತ್ತಾ?"

"ದೇವ್ರಾಣೆ ಕಣಮ್ಮ, ತೊಟ್ಟು ನೀರು ಬೆರ್ಸಿಲ್ಲ. ನನ್ನ ಕೈ ಬಿದ್ದೋಗ್ಲಿ."

"ಎಲ್ಲ ಹಾಲಿನವರೂ ಇದೇ ಆಣೆ ಹಾಕೋದು."

ನಾನು ಒಳಗಿನಿಂದ ಕೇಳುತ್ತಿದ್ದೆ. ಹೊರಗೆ ಬಂದು ಒಂದು ಮಾತು ಹೇಳಬಹುದಿತ್ತು. ಆದರೆ ಅವಳ ದನಿ ನಡುಗಿದ್ದು ಕೇಳಿ ನನಗೆ ಸಂತೋಷವಾಗಿತ್ತು. ಅದನ್ನೂ ಬರೆಯುತ್ತೇನೆ, ಯಾಕೆ ಬಿಡಲಿ.

ಒಂದೊಂದೇ ಮನೆ ವರ್ತನೆ ನಿಲ್ಲಿಸಿತು. ಅತ್ತಿಗೆಗೆ ಗಂಡನ ಮೇಲೆ, ನನ್ನ ಮೇಲೆ, ಕೊನೆಗೆ ದೇವರ ಮೇಲೂ ಅನುಮಾನ ಬರಲಿಲ್ಲ. ಕಬ್ಬಿನ ಸೋಗೆಯ ಮೇಲೆ ಬಂತು. ಆ ಸುಗ್ಗಿಯಲ್ಲಿ ಎಲ್ಲರೂ ದನಕ್ಕೆ ಸೋಗೆ ಹಾಕುತ್ತಿದ್ದರು. ಅದನ್ನು ತಿಂದೇ ಹಾಲು ನೀರಾಗಿದೆ ಎಂದುಕೊಂಡು, ಸೋಗೆ ನಿಲ್ಲಿಸಿ, ಬಿಸಿಲಿನಲ್ಲಿ ಕೆರೆಯಂಗಳಕ್ಕೆ ಹೋಗಿ ಹಸಿಹುಲ್ಲು ಕೊಯ್ದು ತಂದು ಹಾಕಿದಳು. ಹತ್ತಿಬೀಜ ರುಬ್ಬಿ ಕುಡಿಸಿದಳು. ಎಮ್ಮೆಯ ಬೆನ್ನು ತಟ್ಟಿ, "ಯಾಕ್ಲಾ ನನ್ ಮಾನ ಕಳೀತಿದ್ದಿ? ನಿಂಗೇನ್ ಕಮ್ಮಿ ಮಾಡಿವ್ನಿ?" ಎಂದು ಕೇಳುತ್ತಿದ್ದಳು. ಎಮ್ಮೆಯನ್ನು ಅವಳು ಯಾವಾಗಲೂ, ಗಂಡುಹುಡುಗರನ್ನು ಕರೆಯುವ ಹಾಗೆ, ಲಾ ಎಂದೇ ಕರೆಯುತ್ತಿದ್ದಳು.

ಸಂಕ್ರಾಂತಿ ಕಳೆದ ಭಾನುವಾರ ಮಳವಳ್ಳಿಯವರು ಬಂದರು. ಪೌಡರ್ ಬಳಿದುಕೊಂಡು ಕೂತಿದ್ದೆ. ಪೌಡರಿನ ಕೆಳಗೆ ಇದ್ದದ್ದು ಇದ್ದ ಹಾಗೇ ಇತ್ತು. ಆ ತಾಯಿ ಈ ಸಲ ಬೆರಳನ್ನೂ ಮುಟ್ಟಿಸಲಿಲ್ಲ.

"ಅಂಗೇ ಅವಲ್ಲ. ಮದ್ದು ಮಾಡ್ಸಿದ್ರಾ, ಇಲ್ಲ ಬರೀ ಬಾಯ್ಮಾತಾ?"

ಅವನು ಗೋಡೆಗೆ ಒರಗಿ ಕೂತಿದ್ದ. ತೊಡೆಯ ಮೇಲೆ ನನ್ನ ನಾವೆಲ್, ನ್ಯೂಸ್‌ಪೇಪರ್ ಸುತ್ತಿದ್ದು. ಅವನು ಬಾಯಿಬಿಡುತ್ತಾನೆಂದು ಒಂದು ನಿಮಿಷ ಕಾದೆ. ಅವನು ಪೇಪರಿನ ಅಂಚನ್ನು ಉಗುರಿನಿಂದ ನೇರ ಮಾಡುತ್ತಿದ್ದ. ನಾನೇ ಬಾಯಿಬಿಟ್ಟೆ.

"ಮದ್ದು ಇದೆ. ಅದನ್ನು ನುಂಗೋದಕ್ಕೆ ಒಂದು ಲೋಟ ಹಾಲು ಕೊಡೋರು ಈ ಮನೇಲಿ ಯಾರೂ ಇಲ್ಲ. ಕೊಟ್ಟಿಗೆಯಲ್ಲಿ ಎಮ್ಮೆ ಇದೆ, ಬೀದಿಗೆಲ್ಲ ಹಾಲಿದೆ. ನಾನು ಕೇಳಿದರೆ ಇಲ್ಲ ಅಂತಾರೆ. ವಾಸಿ ಹೇಗಾಗಬೇಕು?"

ಅತ್ತಿಗೆ ಕಾಫಿಯ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಿದ್ದಳು. ಅವಳು ಒಳಗೆ ಬಂದು ಒಬ್ಬೊಬ್ಬರಿಗೂ ಕಾಫಿ ಕೊಟ್ಟಳು. ಕೊನೆಯ ಲೋಟ ನನಗೆ.

"ಇಂಥ ಮನೇಲಿ ಎಣ್ಣು ತಗೊಂಡ್ರೆ ನಾಳೆ ನಮ್ಗೂ ಇದೇ ಗತಿ" ಎಂದರು ಆ ಹೆಂಗಸು, ಎದ್ದು ನಿಂತು. ಮಗ ಪುಸ್ತಕವನ್ನು ಬೆಂಚಿನ ಮೇಲಿಟ್ಟ. "ಥ್ಯಾಂಕ್ ಯೂ" ಎಂದ. ಆಮೇಲೆ ನಾನು ಅವನ ದನಿ ಕೇಳಲಿಲ್ಲ.

ಅಣ್ಣ ಕೂಗಾಡುವ ಜಾತಿಯಲ್ಲ. ಅವರನ್ನು ಬಸ್ ಹತ್ತಿಸಿ ಬಂದು, ಚಪ್ಪಲಿ ಬಿಡದೆ ಅತ್ತಿಗೆಯ ಮುಂದೆ ನಿಂತ.

"ತಾಯಿಲ್ಲದ ಮಗಳು. ಒಂದು ಲೋಟ ಹಾಲು ಕೊಡಕ್ಕೆ ನಿನ್ನ ಕೈ ಬರಲಿಲ್ಲವಾ?"

"ಕಾಂಪೋಂಡ್ರು ಬ್ಯಾಡ ಅಂದಿದ್ರು ಕಣ್ರೀ. ಮೂರ್ಸಲ ಕೇಳಿದ್ದೆ..."

"ನಿನ್ನ ಗಂಟಿನ ಪುರಾಣ ಸಾಕು. ಬೀದಿಗೆ ನೀರು ಹಾಲು, ಮನೆ ಮಗುವಿಗೆ ಅದೂ ಇಲ್ಲ. ಆ ಎಮ್ಮೆ ಈ ಮನೇಲಿ ಇರಬಾರದು."

ಅವಳು ನನ್ನ ಕಡೆ ನೋಡಿದಳು. ನಾನು ನಾವೆಲಿನ ಮೇಲಿದ್ದ ಪೇಪರು ಬಿಚ್ಚುತ್ತಿದ್ದೆ. ಮಾರನೆಯ ದಿನ ಹೊತ್ತಾರೆ ಎಮ್ಮೆಯನ್ನೂ ಕರುವನ್ನೂ ಹೊಡೆದುಕೊಂಡು ನಡೆದೇ ಕಿರುಗಾವಲಿಗೆ ಹೊರಟಳು. ಎಷ್ಟು ದೂರದ ದಾರಿ ಎಂದು ಈಗ ಬಸ್ಸಿನಲ್ಲಿ ಹೋಗುವವರಿಗೂ ಗೊತ್ತು.

ಅವಳು ತವರಿನಲ್ಲಿದ್ದ ವಾರವೇ ಅಣ್ಣ ರಜೆ ಹಾಕಿ ನನ್ನನ್ನು ಮತ್ತೆ ಮಂಡ್ಯಕ್ಕೆ ಕರೆದೊಯ್ದ. ಅವನು ಹೊರಗೆ ಬೆಂಚಿನ ಮೇಲೆ ಕೂತ, ನಾನೊಬ್ಬಳೇ ಒಳಗೆ ಹೋದೆ. ಡಾಕ್ಟರು ನನ್ನ ಮುಖ ನೋಡಿ ಹುಬ್ಬು ಗಂಟಿಕ್ಕಿದರು.

"ಹೌ ಡು ಯೂ ಟೇಕ್ ದೆಮ್?"

"ಟುಗೆದರ್, ಡಾಕ್ಟರ್. ವಿತ್ ಮಿಲ್ಕ್" ಎಂದೆ, ಹೆಮ್ಮೆಯಿಂದಲೇ.

ಪೆನ್ನು ಕೆಳಗಿಟ್ಟರು. "ಯಾರು ಹೇಳಿದ್ದು ನಿಮಗೆ? ಈ ಕ್ಯಾಪ್ಸೂಲ್ ಹಾಲಿನ ಜೊತೆ ಹೋದರೆ ಹಾಲಿನಲ್ಲಿರೋ ಸುಣ್ಣದಂಶ ಹೊಟ್ಟೆಯಲ್ಲೇ ಅದನ್ನು ಹಿಡಿದುಕೊಂಡುಬಿಡುತ್ತೆ. ಜಿಂಕೂ ಹಾಗೇ ಹಿಡಿದುಕೊಳ್ಳುತ್ತೆ. ರಕ್ತಕ್ಕೆ ಎಷ್ಟು ಸೇರಬೇಕೋ ಅಷ್ಟು ಸೇರೋದೇ ಇಲ್ಲ. ಅದಕ್ಕೇ ಎರಡಕ್ಕೂ ನಡುವೆ ಗಂಟೆಗಳ ಅಂತರ ಇರಬೇಕು ಅಂದಿದ್ದು. ನೀವು ಎರಡೂವರೆ ತಿಂಗಳು ಔಷಧಿಯನ್ನು ಚರಂಡಿಗೆ ಹಾಕಿದ್ದೀರಿ." ಕಾಂಪೌಂಡರನ್ನು ಕೂಗಿ ಕರೆದರು. ಕನ್ನಡಕದ ಆ ಮನುಷ್ಯ ಬಂದು ನನ್ನನ್ನು ನೋಡಿ, "ಇವರ ಜೊತೆ ಬಂದಿದ್ದ ಆಯಮ್ಮನಿಗೆ ಬಿಡಿಸಿ ಹೇಳಿದ್ದೆ ಸಾರ್. ಮೂರು ಸಲ ಕೇಳಿ, ಸೆರಗಿಗೆ ಗಂಟು ಹಾಕಿಕೊಂಡು ಹೋದರು" ಎಂದ.

"ಆ್ಯಂಡ್ ಯೂ ಆರ್ ದಿ ಎಜುಕೇಟೆಡ್ ಒನ್" ಎಂದರು ಡಾಕ್ಟರು.

ಹೊರಗೆ ಬಂದೆ. ಅಣ್ಣ ಎದ್ದು ನಿಂತ.

"ಏನಂದ್ರು?"

"ಇನ್ನೂ ಮೂರು ತಿಂಗಳು ತಗೊಳ್ಳಬೇಕಂತೆ."

"ಹಾಲಿನ ಜೊತೆ ತಾನೆ?"

"ಹೂಂ" ಎಂದೆ.

ಅಷ್ಟೇ ನಾನು ಆಡಿದ್ದು. ಆ ಹೊತ್ತಿನಲ್ಲಿ ನಿಜ ಹೇಳಿದ್ದರೆ, ಹಾಲು ನಿನಗೆ ಎಲ್ಲಿಂದ ಬಂತು ಎಂದು ಅಣ್ಣ ಕೇಳುತ್ತಿದ್ದ. ಅಲ್ಲಿಂದ ತಂಬಿಗೆ, ತಂಬಿಗೆಯಿಂದ ನೀರು, ನೀರಿನಿಂದ ಬೀದಿಯ ಜನ. ಒಂದು 'ಹೂಂ'ನಲ್ಲಿ ಎಲ್ಲ ಮುಚ್ಚಿಹೋಯಿತು. ಐ ವಾಸ್ ವೆರಿ ಕ್ಲೆವರ್.

ಅಣ್ಣ ದಿನಾ ಬೆಳಿಗ್ಗೆ ಬೇರೆ ಬೀದಿಯಿಂದ ನನಗೆಂದೇ ಹಾಲು ತಂದು, ತಾನೇ ಕಾಯಿಸಿ, ಕ್ಯಾಪ್ಸೂಲಿನ ಪಕ್ಕ ಇಡುತ್ತಿದ್ದ. ಅವನು ತಿರುಗಿದ ಕೂಡಲೇ ಹಾಲನ್ನು ಬಚ್ಚಲ ತೂಬಿಗೆ ಸುರಿದು, ಕ್ಯಾಪ್ಸೂಲನ್ನು ಬರೀ ನೀರಿನಲ್ಲಿ ನುಂಗುತ್ತಿದ್ದೆ. ಪುಡಿ ಮಧ್ಯಾಹ್ನ ಊಟದ ಮೇಲೆ. ನಡುವೆ ಒಂದು ಸೆರಗಿನಷ್ಟು ಹೊತ್ತು. ಯುಗಾದಿಯ ಹೊತ್ತಿಗೆ ಹೊಸ ಗುಳ್ಳೆ ಏಳುವುದು ನಿಂತಿತು. ಬೇಸಿಗೆ ಮುಗಿಯುವಷ್ಟರಲ್ಲಿ ಕೆನ್ನೆಯಲ್ಲಿ ಗುಳಿಗಳಷ್ಟೇ ಉಳಿದವು. ಮಳವಳ್ಳಿಯ ಹುಡುಗನಿಗೆ ಅಷ್ಟರಲ್ಲಿ ಮದುವೆಯಾಗಿತ್ತು.

ಅತ್ತಿಗೆ ಎಮ್ಮೆಯಿಲ್ಲದೆ ವಾಪಸು ಬಂದಿದ್ದಳು. ದೊರೆಸಾನಮ್ಮ ಎನ್ನುವುದನ್ನು ಬಿಟ್ಟಿದ್ದಳು. ಬೆಳಿಗ್ಗೆ ಹೊತ್ತು ಏನು ಮಾಡಬೇಕೆಂದು ತೋಚದೆ ಖಾಲಿ ಕೊಟ್ಟಿಗೆಯನ್ನೇ ಗುಡಿಸುತ್ತಿದ್ದಳು. ಒಂದು ದಿನ ನಾನು ಜಗಲಿಯ ಮೇಲೆ ತಲೆ ಒಣಗಿಸುತ್ತಿದ್ದಾಗ ಹತ್ತಿರ ಬಂದು ಕೂತು, ನನ್ನ ಮುಖವನ್ನು ತುಂಬ ಹೊತ್ತು ನೋಡಿದಳು.

"ಆಲು ಕುಡುದ್ಮೇಲೇ ವಾಸಿ ಆಯ್ತು ಅಲ್ವವ್ವ?"

ನಾನು ಬಾಚಣಿಗೆ ಆಡಿಸುತ್ತಲೇ ಇದ್ದೆ.

"ಆ ಕಾಂಪೋಂಡ್ರು ಬ್ಯಾರೆ ಯಾರ್ಗೋ ಯೋಳಿದ್ದೇನೋ. ಗಲಾಟೇಲಿ ನಾನೇ ತಪ್ಪು ಗಂಟಾಕೊಂಡೆ. ನಿನ್ ಬಾಳು ಕೆಡ್ಸ್‌ಬುಟ್ಟೆ ಕಣವ್ವ. ನಂದೇ ತಪ್ಪು."

ಆಗಲೂ ಹೇಳಲಿಲ್ಲ. ಆಮೇಲೆ ಅವಳು ಸೆರಗಿಗೆ ಗಂಟು ಹಾಕುವುದನ್ನೇ ಬಿಟ್ಟಳು. ಅಂಗಡಿಗೆ ಹೋದರೆ, "ಒಸಿ ಬರ್ದು ಕೊಡಿ, ನಂಗೆ ಗ್ಯಾಪಕ ಇರಾಕಿಲ್ಲ" ಎಂದು ಕಾಗದ ಚಾಚುತ್ತಿದ್ದಳು. ಅವಳಷ್ಟು ಗಟ್ಟಿ ಜ್ಞಾಪಕದ ಹೆಂಗಸನ್ನು ನಾನು ಆಮೇಲೆ ಕಂಡಿಲ್ಲ.

ಎಪ್ಪತ್ತೊಂಬತ್ತರ ಜೂನಿನಲ್ಲಿ ನನಗೆ ಮಳವಳ್ಳಿಯ ಒಂದು ಶಾಲೆಯಲ್ಲಿ ಕೆಲಸ ಸಿಕ್ಕಿತು. ಅದೇ ಮಳವಳ್ಳಿ. ಬಾಡಿಗೆ ಕೋಣೆ ಹಿಡಿದು ಒಬ್ಬಳೇ ಇದ್ದೆ. ಸೆಪ್ಟೆಂಬರಿನಲ್ಲಿ ಗದ್ದದ ಮೇಲೆ ಮತ್ತೆ ಒಂದೆರಡು ಎದ್ದವು. ಡಾಕ್ಟರು ಇನ್ನೊಂದು ತಿಂಗಳು ಕ್ಯಾಪ್ಸೂಲು ತಗೊಳ್ಳಿ ಎಂದರು. ಅಣ್ಣನಿಗೆ ಬರೆದ ಕಾಗದದಲ್ಲಿ ಅದನ್ನೂ ಒಂದು ಸಾಲು ಸೇರಿಸಿದ್ದೆ. ಅವನು ಅವಳಿಗೆ ಓದಿ ಹೇಳಿರಬೇಕು.

ಆ ಶನಿವಾರ ಶಾಲೆ ಬಿಟ್ಟು ಗೇಟಿಗೆ ಬಂದರೆ ಅತ್ತಿಗೆ ನಿಂತಿದ್ದಳು. ತವರಿಗೆ ಹೋಗಿ ವಾಪಸು ಬರುವ ದಾರಿ. ಕಂಕುಳಲ್ಲಿ ಒದ್ದೆ ಬಟ್ಟೆ ಸುತ್ತಿದ ಕ್ಯಾನು.

"ನಮ್ಮೆಮ್ಮೇದೇ ಕಣವ್ವ. ನಮ್ಮಣ್ಣನ ಕೊಟ್ಗೇಲಿ ಗಟ್ಟಿಯಾಗೇ ಕೊಡ್ತಾ ಅದೆ. ಮದ್ದೂರಲ್ಲಿ ಸೋಗೆ ತಿಂದ್ ತಿಂದು ಕೆಟ್ಟೋಗಿತ್ತು, ಪಾಪದ್ದು."

ಬಸ್ ಸ್ಟ್ಯಾಂಡಿನವರೆಗೆ ಅವಳ ಜೊತೆ ನಡೆದೆ. ಹೇಳಬೇಕಾದ ಮಾತನ್ನು ಕನ್ನಡದಲ್ಲಿ ಒಂದು ಸಲ ಜೋಡಿಸಿಕೊಂಡೆ, ಇಂಗ್ಲಿಷಿನಲ್ಲಿ ಒಂದು ಸಲ. ಮದ್ದೂರಿನ ಬಸ್ಸು ಆಗಲೇ ನಿಂತಿತ್ತು. ಕಂಡಕ್ಟರು ಸೀಟಿ ಹಿಡಿದು ನನ್ನ ಮುಖವನ್ನೇ ನೋಡುತ್ತಿದ್ದ. ಅವಳು ಕ್ಯಾನನ್ನು ನನ್ನ ಕೈಗೆ ಕೊಟ್ಟು, ಸೀರೆ ಎತ್ತಿಕಟ್ಟಿ ಹತ್ತಿದಳು. ಜಾಗ ಸಿಕ್ಕಿದ ಮೇಲೆ ಕಿಟಕಿಯಿಂದ ತಲೆ ಹೊರಗೆ ಹಾಕಿದಳು. ನನ್ನ ಗದ್ದವನ್ನು ನೋಡಿದಳು.

"ಗುಳ್ಗೆ ಜೊತೇಲೇ ಕುಡಿಯವ್ವ" ಎಂದಳು. "ಮರೀಬ್ಯಾಡ."

ಬಸ್ಸು ತಿರುವಿನಲ್ಲಿ ಹೊರಳುವವರೆಗೂ ಅವಳ ತಲೆ ಹೊರಗೇ ಇತ್ತು. ಮತ್ತೆ ನಾನು ಅವಳನ್ನು ನೋಡಲಿಲ್ಲ. ಕೆಲವು ವಾರದ ಮೇಲೆ ಅಣ್ಣನ ತಂತಿ ಬಂದು ಮದ್ದೂರಿಗೆ ಹೋಗುವಷ್ಟರಲ್ಲಿ ಅವಳನ್ನು ಮಣ್ಣು ಮಾಡಿ ಮುಗಿದಿತ್ತು. ಆ ಶನಿವಾರ ಮಾತ್ರ, ಕೋಣೆಗೆ ಹೋಗಿ, ಕ್ಯಾಪ್ಸೂಲನ್ನು ಪಕ್ಕಕ್ಕಿಟ್ಟು, ಆ ಹಾಲನ್ನು ಒಂದು ತೊಟ್ಟೂ ಬಿಡದೆ ಕುಡಿದೆ. ತುಂಬ ಗಟ್ಟಿಯಾಗಿತ್ತು.